ಕಾಲು ನೊಂದಿದೆ, ಮನಸ್ಸು ಅಳುಕಿದೆ: ಮಧ್ಯಮ ದೂರದ ಓಟಗಾರರು ಏನು ಮಾಡಬೇಕು?

ಕಾಲು ನೋಯುತ್ತಿದ್ದರೂ ಯಾರಿಗೂ ಹೇಳದೆ ಗ್ರೌಂಡಿಗೆ ಹೋಗುತ್ತಿರುವ ಹುಡುಗ ಹುಡುಗಿಯರಿಗಾಗಿ ಈ ಲೇಖನ. 800, 1500 ಮೀಟರ್ ಓಡುವವರು, ಪೊಲೀಸ್ ಮತ್ತು ಸೇನಾ ಭರ್ತಿಯ 1600 ಮೀಟರ್‌ಗೆ ತಯಾರಾಗುತ್ತಿರುವವರು, ದಸರಾ ಕ್ರೀಡಾಕೂಟಕ್ಕೋ ಇಂಟರ್‌ಕಾಲೇಜು ಮೀಟ್‌ಗೋ ಹೆಸರು ಕೊಟ್ಟು ಕೂತವರು, ಇವರೆಲ್ಲರ ಕಷ್ಟ ಹೆಚ್ಚುಕಡಿಮೆ ಒಂದೇ. ನೋವು ಶುರುವಾದ ದಿನವೇ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಕಾಲಿಗೆ ಏನಾಗಿದೆ ಎಂಬುದು ಒಂದು, ನನ್ನ ಓಟ ಇಲ್ಲಿಗೇ ಮುಗಿಯಿತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ವೈದ್ಯರ ಬಳಿಯೋ ಫಿಸಿಯೋ ಬಳಿಯೋ ಉತ್ತರ ಸಿಗಬಹುದು. ಎರಡನೆಯದನ್ನು ಕೇಳಿಸಿಕೊಳ್ಳುವವರು ಕಡಿಮೆ. ಆದರೆ ಎರಡನ್ನೂ ಒಟ್ಟಿಗೇ ನೋಡಿಕೊಳ್ಳಬೇಕು. ಅವಸರಪಟ್ಟು ಅದೇ ಜಾಗವನ್ನು ಮತ್ತೆ ಗಾಯ ಮಾಡಿಕೊಳ್ಳುವ ಎಷ್ಟೋ ಮಂದಿಗೆ ವಿಶ್ರಾಂತಿ ಬೇಕೆಂದು ಗೊತ್ತಿರುತ್ತದೆ. ಹಿಂದೆ ಬೀಳುವ ಭಯ ಅವರನ್ನು ಓಡಿಸುತ್ತದೆ.

ಜಿನ್ಸನ್ ಜಾನ್ಸನ್ ಅವರ ಕೆಲವು ವರ್ಷಗಳನ್ನು ನೋಡಿ. ಕೇರಳದ ಚಕ್ಕಿಟ್ಟಪಾರದಿಂದ ಬಂದ ಈ ಸೇನೆಯ ಓಟಗಾರ 2018ರ ಜೂನ್‌ನಲ್ಲಿ ಗುವಾಹಟಿಯಲ್ಲಿ 800 ಮೀಟರನ್ನು 1 ನಿಮಿಷ 45.65 ಸೆಕೆಂಡಿನಲ್ಲಿ ಓಡಿದರು. ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಬರೆದ ರಾಷ್ಟ್ರೀಯ ದಾಖಲೆ 42 ವರ್ಷಗಳ ನಂತರ ಅಳಿಸಿತು. ಅದೇ ವರ್ಷ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 1500 ಮೀಟರ್‌ನ ಚಿನ್ನ, 800 ಮೀಟರ್‌ನ ಬೆಳ್ಳಿ. 2019ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ನಲ್ಲಿ 1500 ಮೀಟರ್‌ಗೆ 3 ನಿಮಿಷ 35.24 ಸೆಕೆಂಡು, ಅದೂ ಅಂದಿನ ರಾಷ್ಟ್ರೀಯ ದಾಖಲೆ. ಅದಾದ ಮೇಲೆ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಕೈಕೊಟ್ಟಿತು. ಟೋಕಿಯೊ ಒಲಿಂಪಿಕ್ಸ್ ತಪ್ಪಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 1500 ಮೀಟರ್‌ನಲ್ಲಿ ಅವರು ಮತ್ತೆ ಪದಕದ ವೇದಿಕೆ ಹತ್ತಿದರು, ಈ ಬಾರಿ ಕಂಚು. ಸಮಯ 3 ನಿಮಿಷ 39.74 ಸೆಕೆಂಡು. ತಮ್ಮದೇ ಅತ್ಯುತ್ತಮಕ್ಕಿಂತ ನಾಲ್ಕೂವರೆ ಸೆಕೆಂಡು ನಿಧಾನವಾದ ಓಟದಲ್ಲಿ ಬಂದ ಪದಕ ಅದು. ಗಾಯದ ನಡುವೆ ಹಳೆಯ ಟೈಮಿಂಗನ್ನೇ ನೆನೆದು ಕೊರಗುವವರು ಈ ಎರಡು ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.

ಅದೇ ಹಾಂಗ್‌ಝೌನಲ್ಲಿ ಪಂಜಾಬಿನ ಹರ್ಮಿಲನ್ ಬೇನ್ಸ್ 800 ಮತ್ತು 1500 ಮೀಟರ್ ಎರಡರಲ್ಲೂ ಬೆಳ್ಳಿ ಗೆದ್ದರು. ಅದರ ಹಿಂದಿನ ವರ್ಷ, 2022ರಲ್ಲಿ, ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು.

ಎಲ್ಲಿ ನೋವು, ಎಂಥ ನೋವು

ಮಧ್ಯಮ ದೂರದ ಓಟ ಎರಡೂ ಕಡೆಯಿಂದ ಕಾಲನ್ನು ದುಡಿಸುತ್ತದೆ. 800 ಮೀಟರ್‌ಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆಮ್ಲಜನಕದ ಬಲದಿಂದ ಬರುತ್ತದೆ, 1500ರಲ್ಲಿ ಇನ್ನೂ ಹೆಚ್ಚು. ಆದ್ದರಿಂದ ವಾರವಿಡೀ ಕಿಲೋಮೀಟರ್‌ಗಳನ್ನು ಕೂಡಿಸಲೇಬೇಕು. ಜೊತೆಗೆ ಸ್ಪೈಕ್ಸ್ ಹಾಕಿ, ಮುಂಗಾಲ ಮೇಲೆ, 200 ಮತ್ತು 300 ಮೀಟರ್‌ಗಳ ರೆಪಿಟೇಶನ್‌ಗಳೂ ಬೇಕು. ದೂರದ ಓಟಗಾರರ ಸವೆತ ಮತ್ತು ಸ್ಪ್ರಿಂಟರ್‌ಗಳ ಸೆಳೆತ ಎರಡೂ ಒಂದೇ ಕಾಲಿನ ಮೇಲೆ ಬೀಳುತ್ತವೆ. ಟ್ರ್ಯಾಕ್‌ನಲ್ಲಿ ಸದಾ ಎಡಕ್ಕೇ ತಿರುಗುವುದರಿಂದ ಎರಡು ಕಾಲಿನ ಮೇಲಿನ ಭಾರವೂ ಒಂದೇ ಸಮನಲ್ಲ. ವಾರ್ಮಪ್ಪಿನ ಕೆಲವು ಸುತ್ತುಗಳನ್ನು ಹೊರ ಲೇನ್‌ನಲ್ಲಿ ಎದುರು ದಿಕ್ಕಿಗೆ ಓಡಿಸುವ ಕೋಚ್‌ಗಳ ಅಭ್ಯಾಸ ಒಳ್ಳೆಯದು.

ನೋವು ಬಂದಾಗ ಮೊದಲು ತಿಳಿಯಬೇಕಾದದ್ದು ಅದು ಸ್ನಾಯುವಿನದೋ, ಸ್ನಾಯುವನ್ನು ಎಲುಬಿಗೆ ಬಿಗಿದಿರುವ ರಜ್ಜುವಿನದೋ, ಎಲುಬಿನದೋ ಎಂಬುದು. ಮೂರಕ್ಕೂ ಔಷಧ ಬೇರೆ, ಕಾಯಬೇಕಾದ ಕಾಲವೂ ಬೇರೆ.

ಸ್ನಾಯುವಿನ ಗಾಯ ಸುಮ್ಮನೆ ಬರುವುದಿಲ್ಲ, ಬಂದ ಕ್ಷಣವೇ ತಿಳಿಯುತ್ತದೆ. ರೆಪಿಟೇಶನ್‌ನ ನಡುವೆ ತೊಡೆಯ ಹಿಂಭಾಗವೋ ಮೀನಖಂಡವೋ ಹಿಡಿದುಕೊಳ್ಳುತ್ತದೆ, ಹೆಜ್ಜೆ ಅಲ್ಲೇ ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ ನಮ್ಮ ಗ್ರೌಂಡುಗಳಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಒಬ್ಬರು ಕಾಲನ್ನು ಎತ್ತಿ ಹಿಡಿದು ಸ್ಟ್ರೆಚ್ ಮಾಡಿಸುತ್ತಾರೆ, ಇನ್ನೊಬ್ಬರು ಎಣ್ಣೆ ಹಚ್ಚಿ ಜೋರಾಗಿ ತಿಕ್ಕುತ್ತಾರೆ. ಮೊದಲ ಎರಡು ಮೂರು ದಿನ ಎರಡೂ ಬೇಡ. ಒಳಗೆ ಹರಿದ ಎಳೆಗಳಿಂದ ರಕ್ತ ಜಿನುಗುತ್ತಿರುವಾಗ ಎಳೆದರೆ, ತಿಕ್ಕಿದರೆ ಗಾಯ ದೊಡ್ಡದಾಗುತ್ತದೆ. ಬಟ್ಟೆಯ ಪಟ್ಟಿ ಸುತ್ತಿ, ಕಾಲನ್ನು ಎತ್ತರದಲ್ಲಿಟ್ಟು, ನೋವು ತಡೆದುಕೊಳ್ಳಬಹುದಾದಷ್ಟು ಮಾತ್ರ ನಡೆದಾಡಿದರೆ ಸಾಕು. ಹಗುರವಾದ ಗಾಯ ಎರಡು ಮೂರು ವಾರಗಳಲ್ಲಿ ಹಿಡಿತಕ್ಕೆ ಬರುತ್ತದೆ. ಕಪ್ಪುನೀಲಿ ಕಲೆ ಹರಡಿದ್ದರೆ, ನಡೆಯಲೇ ಆಗದಿದ್ದರೆ ಆಸ್ಪತ್ರೆಗೆ ಹೋಗಿ.

ಸ್ನಾಯುರಜ್ಜುವಿನ ನೋವು ಮೋಸ ಮಾಡುತ್ತದೆ. ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿ ಬಿಗಿದಿರುತ್ತದೆ. ನಡೆದಾಡಿದ ಮೇಲೆ ಸಡಿಲವಾಗುತ್ತದೆ. ವಾರ್ಮಪ್ ಮುಗಿಯುವ ಹೊತ್ತಿಗೆ ನೋವೇ ಇಲ್ಲ ಅನ್ನಿಸುತ್ತದೆ. ಗುಣವಾಯಿತೆಂದು ಓಡುತ್ತೀರಿ, ಮರುದಿನ ಬೆಳಗ್ಗೆ ಮತ್ತೆ ಅದೇ ಬಿಗಿತ, ಹಿಂದಿನ ದಿನಕ್ಕಿಂತ ಒಂದಿಷ್ಟು ಜಾಸ್ತಿ. ತಿಂಗಳುಗಟ್ಟಲೆ ಸುಮ್ಮನೆ ಮಲಗಿದರೂ ಇದು ಹೋಗುವುದಿಲ್ಲ, ಏಕೆಂದರೆ ರಜ್ಜು ಗಟ್ಟಿಯಾಗುವುದು ಅದರ ಮೇಲೆ ಹದವಾದ ಭಾರ ಬಿದ್ದಾಗ. ಸ್ವೀಡನ್ನಿನ ಮೂಳೆತಜ್ಞ ಹೋಕನ್ ಆಲ್‌ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಇಂದಿಗೂ ಅಕಿಲಿಸ್ ಚಿಕಿತ್ಸೆಯ ಬುನಾದಿಯಾಗಿದೆ, ಮತ್ತು ಅದಕ್ಕೆ ಮನೆಯ ಮೆಟ್ಟಿಲು ಬಿಟ್ಟು ಬೇರೇನೂ ಬೇಡ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು, ಗೋಡೆ ಹಿಡಿದು, ನೋವಿರುವ ಕಾಲಿನ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಮೇಲೆ ಬರಲು ಇನ್ನೊಂದು ಕಾಲನ್ನು ಬಳಸಬೇಕು. ಮಂಡಿ ನೇರವಿಟ್ಟು 15ರ ಮೂರು ಸರದಿ, ಮಂಡಿ ಸ್ವಲ್ಪ ಮಡಿಸಿ 15ರ ಮೂರು ಸರದಿ, ದಿನಕ್ಕೆ ಎರಡು ಹೊತ್ತು, 12 ವಾರ. ಅವರ ಮೊದಲ ಅಧ್ಯಯನದಲ್ಲಿದ್ದ 15 ಮಂದಿಯೂ ಆ 12 ವಾರಗಳ ನಂತರ ಓಟಕ್ಕೆ ಮರಳಿದರು. ಎಲ್ಲರಿಗೂ ಅಷ್ಟೇ ಚೆನ್ನಾಗಿ ಫಲಿಸುತ್ತದೆ ಎನ್ನಲಾಗದು. ರಜ್ಜು ಹಿಮ್ಮಡಿ ಎಲುಬಿಗೆ ಅಂಟಿಕೊಂಡ ಜಾಗದಲ್ಲಿ ನೋವಿದ್ದರೆ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸದೆ ಸಮನೆಲದಲ್ಲೇ ಮಾಡಬೇಕು. ಮೂರನೇ ವಾರಕ್ಕೇ ಬೇಸತ್ತು ಬಿಟ್ಟವರು ವ್ಯಾಯಾಮವನ್ನು ದೂರುವ ಹಾಗಿಲ್ಲ.

ಎಲುಬಿನ ನೋವಿಗೆ ಬಂದಾಗ ನನ್ನ ದನಿ ಬಿಗಿಯಾಗುತ್ತದೆ. ನಮ್ಮ ಹುಡುಗರು ಮೊಣಕಾಲ ಕೆಳಗಿನ ಎಲ್ಲ ನೋವನ್ನೂ ‘ಶಿನ್ ಪೇನ್’ ಎಂದು ಒಂದೇ ಹೆಸರಿನಿಂದ ಕರೆಯುತ್ತಾರೆ. ಅದರಲ್ಲಿ ಎರಡು ಬಗೆ. ಕಾಲಿನ ಒಳಬದಿಯ ಕೆಳಭಾಗದಲ್ಲಿ ಗೇಣುದ್ದಕ್ಕೆ ಹರಡಿ, ಒತ್ತಿದರೆ ಎಲ್ಲೆಡೆ ನೋಯುವುದು ಒಂದು. ಓಟ ತಗ್ಗಿಸಿ, ಮಣ್ಣಿನ ನೆಲಕ್ಕೆ ಇಳಿದು, ಮೀನಖಂಡ ಬಲಪಡಿಸಿದರೆ ಅದು ಹದಕ್ಕೆ ಬರುತ್ತದೆ. ಒಂದೇ ಬೆರಳಿನಲ್ಲಿ ‘ಇಲ್ಲೇ’ ಎಂದು ತೋರಿಸಬಹುದಾದ ನೋವು ಇನ್ನೊಂದು. ಓಡುತ್ತಾ ಹೋದಂತೆ ಅದು ಏರುತ್ತದೆ, ನಡೆದರೂ ನೋಯುತ್ತದೆ, ಕೆಲವರಿಗೆ ರಾತ್ರಿ ಮಲಗಿದಾಗಲೂ ಕಾಡುತ್ತದೆ. ಅದು ಎಲುಬಿನಲ್ಲಿ ಬಿರುಕು ಮೂಡುತ್ತಿರುವ ಸೂಚನೆ, ಸ್ಟ್ರೆಸ್ ಫ್ರ್ಯಾಕ್ಚರ್. ಅಂದೇ ಓಟ ನಿಲ್ಲಿಸಬೇಕು. ಕುಪ್ಪಳಿಸಿ ಪರೀಕ್ಷೆ ಮಾಡಿಕೊಳ್ಳುವುದೂ ಬೇಡ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರುವುದು ಸಾಮಾನ್ಯ, ಆದ್ದರಿಂದ ‘ಎಕ್ಸ್‌ರೇ ನಾರ್ಮಲ್’ ಎಂಬ ಚೀಟಿ ಹಿಡಿದು ಗ್ರೌಂಡಿಗೆ ಮರಳಬೇಡಿ. ಎಂಆರ್‌ಐ ದುಬಾರಿ ಎಂಬುದು ನಿಜ. ಅದಕ್ಕೆ ಅನುಕೂಲ ಇಲ್ಲದವರು ಬಿರುಕು ಇದೆ ಎಂದೇ ತಿಳಿದು ವೈದ್ಯರು ಹೇಳಿದಷ್ಟು ವಾರ ಓಡದೆ ಇರುವುದು ಕ್ಷೇಮ. ತೊಡೆಸಂದಿಯಲ್ಲಿ ಆಳವಾದ ನೋವು, ಪಾದದ ಮೇಲ್ಭಾಗದ ನಡುವಿನ ನೋವು, ಮೊಣಕಾಲ ಕೆಳಗಿನ ಎಲುಬಿನ ಮುಂಭಾಗದ ನಟ್ಟನಡುವೆ ಒಂದೇ ಬಿಂದುವಿನ ನೋವು, ಈ ಮೂರರಲ್ಲಿ ಒಂದು ಕಂಡರೂ ಅದೇ ವಾರ ಮೂಳೆತಜ್ಞರನ್ನು ಕಾಣಿ. ಅಲ್ಲಿನ ಬಿರುಕು ಕೂಡುವುದು ಕಷ್ಟ, ನಿರ್ಲಕ್ಷಿಸಿದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ.

ಎಲುಬು ಏಕೆ ಹೀಗೆ ಮಾಡುತ್ತದೆ? ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಎಲುಬನ್ನು ಕೊರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಹಳೇ ಗಾರೆ ಕೆತ್ತಿದ ಗೋಡೆಗೆ ಹೊಸ ಗಾರೆ ಹಚ್ಚುವ ನಡುವಿನ ದಿನಗಳ ಹಾಗೆ, ಆ ಕೆಲವು ವಾರ ಎಲುಬು ಮೊದಲಿಗಿಂತ ಬಲಹೀನ. ಪೂರ್ತಿ ಕಟ್ಟಿಕೊಳ್ಳಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಭರ್ತಿ ಪ್ರಕಟಣೆ ಬಂದ ಮೇಲೆ ಏಕಾಏಕಿ ದಿನಾ ಓಡಲು ಶುರುಮಾಡಿದ ಹುಡುಗರಿಗೆ ಒಂದೆರಡು ತಿಂಗಳಲ್ಲೇ ಕಾಲು ಕೈಕೊಡುವುದಕ್ಕೆ ಇದೇ ಕಾರಣ.

ಮರುದಿನ ಬೆಳಗ್ಗೆ ಕೇಳಿ

ಸ್ನಾಯುರಜ್ಜುವಿನ ನೋವಿರುವಾಗ ಓಡಬಹುದೇ ಎಂಬುದಕ್ಕೆ ಫಿಸಿಯೋಗಳು ಬಳಸುವ ಒಂದು ಸರಳ ಅಳತೆ ಇದೆ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ಓಡುವಾಗ 2 ಅಥವಾ 3ರಲ್ಲಿ ನಿಂತು, ಹೆಜ್ಜೆಯ ಲಯ ಕೆಡದೆ, ಮರುದಿನ ಬೆಳಗಿನ ಮೊದಲ ಹೆಜ್ಜೆಗಳಲ್ಲಿ ಹಿಂದಿನ ದಿನಕ್ಕಿಂತ ಜಾಸ್ತಿಯಾಗದಿದ್ದರೆ ಅಷ್ಟು ಓಟ ಕಾಲಿಗೆ ಒಪ್ಪಿಗೆಯಾಗಿದೆ. 4 ದಾಟಿದರೆ, ಅಥವಾ ಬೆಳಗ್ಗೆ ಬಿಗಿತ ಏರಿದರೆ, ಮುಂದಿನ ಸಲ ಓಟ ಕಡಿಮೆ ಮಾಡಬೇಕು. ಎಲುಬಿಗೆ ಈ ರಿಯಾಯಿತಿ ಇಲ್ಲ, ಅಲ್ಲಿ ಅಂಕ 0 ಇರಬೇಕು.

ಓಡುವ ಹೊತ್ತಿನಲ್ಲಿ ಉತ್ಸಾಹವಿರುತ್ತದೆ, ಜೊತೆಯವರಿರುತ್ತಾರೆ, ಮೈ ಬಿಸಿಯಾಗಿರುತ್ತದೆ, ಆಗ ಕಾಲು ನಿಜ ಹೇಳುವುದಿಲ್ಲ. ಬೆಳಗ್ಗೆ ಹೇಳುತ್ತದೆ. ನೂರು ಪುಟದ ಒಂದು ನೋಟ್‌ಬುಕ್ ಸಾಕು: ನಿನ್ನೆ ಏನು ಮಾಡಿದೆ, ಓಡುವಾಗ ನೋವು ಎಷ್ಟು, ಇಂದು ಬೆಳಗ್ಗೆ ಎಷ್ಟು, ನಿದ್ದೆ ಹೇಗಿತ್ತು. ಒಂದು ತಿಂಗಳ ನಂತರ ಆ ಪುಟಗಳು ನಿಮ್ಮ ಕಾಲಿನ ಬಗ್ಗೆ ಯಾವ ತಜ್ಞರೂ ಹೇಳಲಾರದ ಸಂಗತಿಗಳನ್ನು ಹೇಳುತ್ತವೆ.

ಈ ಅಳತೆಯನ್ನು ಕೆಡಿಸುವುದು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿ ಓಡಿದರೆ ನೋವು ಮಾತ್ರ ಮುಚ್ಚಿಹೋಗುತ್ತದೆ, ಗಾಯ ಅಲ್ಲೇ ಇರುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿದ್ದಾಗ ಈ ಮಾತ್ರೆಗಳು ಮೂತ್ರಪಿಂಡಕ್ಕೂ ಕೆಟ್ಟವು. ಅಕಿಲಿಸ್ ರಜ್ಜುವಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ ರಜ್ಜು ಹರಿಯುವ ಅಪಾಯವಿದೆ. ಅಲ್ಲದೆ 2022ರ ಜನವರಿಯಿಂದ ಸ್ಪರ್ಧೆಯ ಅವಧಿಯಲ್ಲಿ ಈ ಬಗೆಯ ಸ್ಟೆರಾಯ್ಡ್ (ಗ್ಲುಕೊಕಾರ್ಟಿಕಾಯ್ಡ್) ಇಂಜೆಕ್ಷನ್‌ಗಳನ್ನು ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ (ವಾಡಾ) ಪೂರ್ತಿಯಾಗಿ ನಿಷೇಧಿಸಿದೆ. ವೈದ್ಯರ ಮುಂದೆ ಕೂತಾಗಲೇ ‘ನಾನು ಮೀಟ್‌ಗಳಲ್ಲಿ ಓಡುತ್ತೇನೆ, ಡೋಪ್ ಟೆಸ್ಟ್ ಇರಬಹುದು’ ಎಂದು ಹೇಳಿ. ಜಿಮ್‌ನಲ್ಲಿ, ಗ್ರೌಂಡಿನಲ್ಲಿ ಯಾರೋ ಕೊಡುವ ಹೆಸರಿಲ್ಲದ ಪುಡಿ, ಇಂಜೆಕ್ಷನ್‌ಗಳ ತಂಟೆಗೇ ಹೋಗಬೇಡಿ. ಕಾಲಿನ ಗಾಯ ಕೆಲವು ತಿಂಗಳಿನದು, ನಿಷೇಧ ವರ್ಷಗಳದ್ದು.

ಓಡದೆಯೂ ತಾಲೀಮು

ಒಂದೆರಡು ವಾರ ಓಟ ನಿಂತರೆ ಕಟ್ಟಿದ್ದೆಲ್ಲ ಕರಗಿಹೋಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಮೊದಲ ಕೆಲವು ದಿನಗಳಲ್ಲಿ ಕಡಿಮೆಯಾಗುವುದು ಮುಖ್ಯವಾಗಿ ರಕ್ತದೊಳಗಿನ ದ್ರವ. ಅದು ಮರಳುವುದೂ ಅಷ್ಟೇ ಬೇಗ. ಎರಡು ಮೂರು ವಾರ ದಾಟಿದ ಮೇಲೆ ದಮ್ಮು ಇಳಿಯುವುದು ಎದ್ದು ಕಾಣುತ್ತದೆ. ಆ ಹೊತ್ತಿಗೆ ನೀವು ಬೇರೆ ದಾರಿಯಿಂದ ಹೃದಯವನ್ನು ದುಡಿಸುತ್ತಿದ್ದರೆ ಇಳಿಕೆ ಬಹಳ ಕಡಿಮೆ.

ನಮ್ಮೂರುಗಳಲ್ಲಿ ಸುಲಭವಾಗಿ ಸಿಗುವುದು ಸೈಕಲ್. ಸುಮ್ಮನೆ ಊರು ಸುತ್ತಿದರೆ ಸಾಲದು, ಓಟದ ವರ್ಕೌಟನ್ನೇ ಸಮಯಕ್ಕೆ ಇಳಿಸಿಕೊಳ್ಳಿ. 1500 ಮೀಟರ್ ಓಟಗಾರರು 1000 ಮೀಟರ್‌ನ ಐದು ರೆಪಿಟೇಶನ್ ಓಡುವ ದಿನ ಸೈಕಲ್ ಮೇಲೆ ಮೂರು ನಿಮಿಷದ ಐದು ಜೋರು ಸರದಿ, ನಡುವೆ ಎರಡು ನಿಮಿಷ ಹಗುರ. 800 ಓಟಗಾರರಿಗೆ ಒಂದು ನಿಮಿಷ ಜೋರು, ಒಂದು ನಿಮಿಷ ಹಗುರ, ಹತ್ತು ಸಲ. ವಾಹನ ಕಡಿಮೆ ಇರುವ ಏರುದಾರಿ ಸಿಕ್ಕರೆ ಇನ್ನೂ ಒಳ್ಳೆಯದು. ಅಕಿಲಿಸ್ ನೋವಿದ್ದವರು ಪೆಡಲನ್ನು ಮುಂಗಾಲಿನಿಂದ ತುಳಿಯದೆ ಪಾದದ ನಡುಭಾಗದಿಂದ ತುಳಿಯಲಿ.

ಈಜುಕೊಳ ಇರುವ ಊರಿನವರಿಗೆ ಆಳನೀರಿನಲ್ಲಿ ಓಡುವ ಅಭ್ಯಾಸಕ್ಕಿಂತ ಒಳ್ಳೆಯದಿಲ್ಲ. ಸೊಂಟಕ್ಕೆ ತೇಲುಪಟ್ಟಿ ಕಟ್ಟಿ, ಕಾಲು ತಳಕ್ಕೆ ತಾಗದ ಹಾಗೆ, ಓಡುವ ಭಂಗಿಯಲ್ಲೇ ತೋಳು ಕಾಲು ಆಡಿಸುವುದು. ಎಲುಬಿನ ಮೇಲೆ ಏಟೇ ಬೀಳುವುದಿಲ್ಲ. ನೀರಿನಲ್ಲಿ ಎದೆಬಡಿತ ನೆಲದ ಮೇಲಿಗಿಂತ ಕಡಿಮೆಯೇ ಇರುತ್ತದೆ, ಆದ್ದರಿಂದ ವಾಚ್ ನೋಡಬೇಡಿ, ಏದುಸಿರು ಬರುವಷ್ಟು ದುಡಿಯಿರಿ. ತೋಟದ ಬಾವಿ, ಕೆರೆಗಳಲ್ಲಿ ಒಬ್ಬರೇ ಇದನ್ನು ಮಾಡಲು ಇಳಿಯಬೇಡಿ.

ಗಾಯದ ಕಾಲ ಒಂದು ಅವಕಾಶವನ್ನೂ ಕೊಡುತ್ತದೆ. ಓಟದ ದಿನಗಳಲ್ಲಿ ಶಕ್ತಿ ವ್ಯಾಯಾಮವನ್ನು ಎಲ್ಲರೂ ನಾಳೆಗೆ ತಳ್ಳುತ್ತಾರೆ. ಈಗ ಸಮಯ ಇದೆ. ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತುವುದನ್ನು ಎಣಿಸಿ. 20, 25ರ ತನಕ ಸೊಗಸಾಗಿ ಬರದಿದ್ದರೆ ನಿಮ್ಮ ಮೀನಖಂಡ 800 ಮೀಟರ್‌ಗೆ ತಯಾರಿಲ್ಲ. ಎಡಗಾಲು 24, ಬಲಗಾಲು 13 ಎಂದಾದರೆ ಗಾಯ ಎಲ್ಲಿಂದ ಬಂತೆಂದು ಊಹಿಸಬಹುದು. ತೊಡೆಯ ಹಿಂಭಾಗಕ್ಕೆ, ಗಾಯ ಆರಿದ ಮೇಲೆ, ನಾರ್ಡಿಕ್ ವ್ಯಾಯಾಮ ಇದೆ. ಮಂಡಿಯೂರಿ ನಿಂತು, ಜೊತೆಯವರು ಹಿಮ್ಮಡಿ ಒತ್ತಿ ಹಿಡಿದಾಗ, ಮೈಯನ್ನು ನೇರವಿಟ್ಟು ಮುಂದಕ್ಕೆ ನಿಧಾನವಾಗಿ ವಾಲುವುದು. ಮೊದಲ ವಾರ ವಿಪರೀತ ನೋಯುತ್ತದೆ, ಆದ್ದರಿಂದ ಐದಾರರಿಂದ ಶುರುಮಾಡಿ.

ತಟ್ಟೆಯಲ್ಲಿ ಏನಿದೆ

ಓಟ ನಿಂತ ಕೂಡಲೇ ತೂಕ ಏರುತ್ತದೆಂದು ಊಟ ಬಿಡುವವರಿದ್ದಾರೆ. ಗಾಯ ಆರಲು ದೇಹಕ್ಕೆ ಅನ್ನವೇ ಬೇಕು. ದುಡಿಮೆಗೆ ತಕ್ಕ ಊಟ ಸಿಗದಾಗ ದೇಹ ಎಲುಬು ಕಟ್ಟುವ ಕೆಲಸಕ್ಕೂ ಕತ್ತರಿ ಹಾಕುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಇದನ್ನು ಒಂದು ಆರೋಗ್ಯ ಸಮಸ್ಯೆಯಾಗಿ ಗುರುತಿಸಿ ಎಚ್ಚರಿಸುತ್ತಿದೆ. ಹುಡುಗಿಯರಲ್ಲಿ ಇದರ ಸ್ಪಷ್ಟ ಗುರುತು ಮುಟ್ಟು ತಪ್ಪುವುದು. ‘ಟ್ರೇನಿಂಗ್ ಜೋರಾಗಿದ್ದರೆ ಹಾಗೇ’ ಎಂದು ಹಿರಿಯ ಅಥ್ಲೀಟುಗಳೇ ಸಮಾಧಾನ ಹೇಳುವುದುಂಟು. ಅದು ತಪ್ಪು. ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಲೇಬೇಕು, ಎಲುಬಿನ ಬಿರುಕುಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಹಳೇ ಮೈಸೂರು ಸೀಮೆಯ ಊಟ ಎಲುಬಿಗೆ ಹೇಳಿ ಮಾಡಿಸಿದ್ದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಮೊಸರು, ಮೊಟ್ಟೆ ಸಾಧ್ಯವಿದ್ದವರಿಗೆ ಎರಡು ಮೊಟ್ಟೆ, ಇಷ್ಟಿದ್ದರೆ ಡಬ್ಬಿಯ ಪುಡಿ ಬೇಕಿಲ್ಲ. ಎಷ್ಟು ಓಡಿದರೂ ಟೈಮಿಂಗ್ ಕೆಡುತ್ತಲೇ ಇದೆ, ಮೆಟ್ಟಿಲು ಹತ್ತಿದರೂ ಸುಸ್ತು ಎಂದಾದರೆ ಮನಸ್ಸನ್ನು ದೂರುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ‘ನನಗೆ ಛಲ ಇಲ್ಲ’ ಎಂದುಕೊಂಡು ಕಣ್ಣೀರಿಡುವ ಹುಡುಗಿಗೆ ಬೇಕಿರುವುದು ಕಬ್ಬಿಣದ ಅಂಶ ಆಗಿರಬಹುದು. ಊಟದ ಜೊತೆಗೇ ಕಾಫಿ ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆಯ ಅಂತರ ಇರಲಿ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಅಳುಕಿನ ಬಗ್ಗೆ

ಬ್ರಿಟನ್ನಿನ ಕೆಲ್ಲಿ ಹೋಮ್ಸ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕಾಲಿನ ಎಲುಬು ಬಿರುಕುಬಿಟ್ಟಿದ್ದರೂ ಓಡಿ 800 ಮೀಟರ್‌ನಲ್ಲಿ ನಾಲ್ಕನೆಯವರಾದರು. ಮರುವರ್ಷ ಅಥೆನ್ಸ್ ವಿಶ್ವ ಚಾಂಪಿಯನ್‌ಷಿಪ್‌ಗೆ 1500 ಮೀಟರ್ ಗೆಲ್ಲುವ ನಿರೀಕ್ಷೆಯಲ್ಲಿ ಹೋಗಿ, ಹೀಟ್ಸ್‌ನಲ್ಲೇ ಕಾಲು ಕೈಕೊಟ್ಟು ಹೊರಬಿದ್ದರು. 2003ರಲ್ಲಿ ಮತ್ತೆ ಗಾಯಗೊಂಡು ಫ್ರಾನ್ಸಿನ ತರಬೇತಿ ಶಿಬಿರದಲ್ಲಿದ್ದಾಗ ಖಿನ್ನತೆಗೆ ಜಾರಿ, ತಮ್ಮ ಮೈಯನ್ನು ತಾವೇ ಗಾಯ ಮಾಡಿಕೊಳ್ಳುವ ಮಟ್ಟಕ್ಕೆ ಹೋಗಿದ್ದನ್ನು ಅವರೇ ಮುಂದೆ ಬಹಿರಂಗವಾಗಿ ಹೇಳಿದರು. 2004ರಲ್ಲಿ, 34ನೇ ವಯಸ್ಸಿನಲ್ಲಿ, ಅದೇ ಅಥೆನ್ಸ್‌ನಲ್ಲಿ 800 ಮತ್ತು 1500 ಮೀಟರ್ ಎರಡೂ ಒಲಿಂಪಿಕ್ ಚಿನ್ನ ಗೆದ್ದರು. ಈ ಕಥೆಯನ್ನು ಸ್ಫೂರ್ತಿಗೆಂದು ಹೇಳುವವರು ಕೊನೆಯ ಚಿನ್ನವನ್ನಷ್ಟೇ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು 2003. ಅಷ್ಟು ದೊಡ್ಡ ಓಟಗಾರ್ತಿಗೂ ಖಿನ್ನತೆ ಬಂತು. ನಿಮಗೆ ಬಂದರೆ ಅದು ನಿಮ್ಮ ದೌರ್ಬಲ್ಯದ ಸಾಕ್ಷಿಯಲ್ಲ.

ನಮ್ಮಲ್ಲಿ ಈ ಅಳುಕಿಗೆ ಸ್ಥಳೀಯ ಕಾರಣಗಳೂ ಇವೆ. ಕ್ರೀಡಾ ಹಾಸ್ಟೆಲಿನ ಸೀಟು ಸಾಧನೆಗೆ ಕಟ್ಟಿಹಾಕಿದೆ. ಭರ್ತಿಗೆ ವಯಸ್ಸಿನ ಮಿತಿ ಇದೆ. ‘ಓಡಿ ಏನು ಸಿಗುತ್ತೆ, ಓದು’ ಎನ್ನುವ ಮನೆಯವರಿಗೆ ಈಗ ಮಾತಿಗೆ ಬಲ ಬಂದಿರುತ್ತದೆ. ಹೀಗಿರುವಾಗ ನೋವನ್ನು ಮುಚ್ಚಿಡುವುದು ಸಹಜ. ಆದರೂ ಕೋಚ್‌ಗೆ ಹೇಳಿ, ಮತ್ತು ಸ್ಪಷ್ಟವಾಗಿ ಹೇಳಿ. ‘ಕಾಲು ನೋವು ಸರ್’ ಎಂದರೆ ಅವರಿಗೆ ಏನೂ ತಿಳಿಯದು, ನೆಪ ಎನ್ನಿಸಬಹುದು. ‘ಸರ್, ಬಲಗಾಲಿನ ಒಳಬದಿ ಎಲುಬಿನ ಮೇಲೆ ಒಂದೇ ಜಾಗದಲ್ಲಿ ನೋವಿದೆ, ಮೂರನೇ ರೆಪಿಟೇಶನ್‌ನಿಂದ ಶುರುವಾಗುತ್ತೆ, ಮರುದಿನ ಬೆಳಗ್ಗೆಯೂ ಇರುತ್ತೆ. ಈ ವಾರ ಸೈಕಲ್ ಮಾಡ್ಲಾ?’ ಎಂದು ಕೇಳಿದರೆ ಮಾತು ಬೇರೆಯಾಗುತ್ತದೆ. ನೋಟ್‌ಬುಕ್ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ತೊಡೆಸಂದಿಯ ನೋವು, ಮುಟ್ಟಿನ ವಿಷಯ ಕೋಚ್ ಮುಂದೆ ಹೇಳಲು ಸಂಕೋಚವಾದರೆ ಪಿ.ಟಿ. ಮೇಡಂ ಮೂಲಕವೋ ಅಮ್ಮನ ಮೂಲಕವೋ ಹೇಳಿಸಿ.

ಗ್ರೌಂಡಿನಿಂದ ದೂರ ಉಳಿಯಬೇಡಿ, ಆದರೆ ಅಲ್ಲಿ ನಿಂತು ಕೊರಗಲೂ ಬೇಡಿ. ಜೊತೆಯವರಿಗೆ ಸ್ಟಾಪ್‌ವಾಚ್ ಹಿಡಿಯಿರಿ, ಲ್ಯಾಪ್ ಟೈಮ್ ಕೂಗಿ. ಬೇರೆಯವರ 1500 ಮೀಟರ್‌ನ ಮೂರನೇ ಸುತ್ತು ಹೇಗೆ ಕುಸಿಯುತ್ತದೆ ಎಂಬುದನ್ನು ಹೊರಗೆ ನಿಂತು ನೋಡಿದವರಿಗೆ ಓಟದ ಬುದ್ಧಿ ಬೆಳೆಯುತ್ತದೆ. ನೋಡಲಾಗದಷ್ಟು ಸಂಕಟವಾದರೆ ಕೆಲವು ವಾರ ಬೇರೆ ಹೊತ್ತಿಗೆ ಹೋಗಿ. ಜೊತೆಯವರ ಟೈಮಿಂಗ್‌ಗಳು ಬರುವ ವಾಟ್ಸ್‌ಆ್ಯಪ್ ಗುಂಪನ್ನು ಮ್ಯೂಟ್ ಮಾಡಿದರೆ ತಪ್ಪೇನಿಲ್ಲ.

ಅಳುಕಿಗೂ ಕಾಯಿಲೆಗೂ ಗೆರೆ ಇದೆ. ಎರಡು ವಾರ ಮೀರಿ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಸಹಾಯ ಪಡೆಯಿರಿ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.

ಮತ್ತೆ ಓಟಕ್ಕೆ

ಸೈಕಲ್ ತುಳಿದು ದಮ್ಮು ಉಳಿಸಿಕೊಂಡವರಿಗೆ ಇಲ್ಲಿ ವಿಶೇಷ ಎಚ್ಚರ ಬೇಕು. ನಿಮ್ಮ ಶ್ವಾಸಕೋಶ 5 ಕಿಲೋಮೀಟರ್‌ಗೆ ತಯಾರಿರುತ್ತದೆ, ಎಲುಬು ಮತ್ತು ರಜ್ಜು ಒಂದು ಕಿಲೋಮೀಟರ್‌ಗೂ ತಯಾರಿರುವುದಿಲ್ಲ. ಉಸಿರು ಹೇಳಿದ ಹಾಗೆ ಓಡಿದವರು ಮೂರನೇ ವಾರಕ್ಕೆ ಮತ್ತೆ ಫಿಸಿಯೋ ಬಳಿ ಇರುತ್ತಾರೆ.

ಅರ್ಧ ಗಂಟೆ ಚುರುಕಾಗಿ ನಡೆದು ಮರುದಿನ ಬೆಳಗ್ಗೆ ನೋವಿಲ್ಲ ಎಂದ ಮೇಲೆ ಶುರುಮಾಡಿ. ಒಂದು ನಿಮಿಷ ಹಗುರ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ. ದಿನ ಬಿಟ್ಟು ದಿನ ಮಾತ್ರ. ಸಮತಟ್ಟಾದ ಮಣ್ಣು ಅಥವಾ ಹುಲ್ಲಿನ ನೆಲ, ಸಾಮಾನ್ಯ ಶೂ. ಓಟದ ನಿಮಿಷಗಳನ್ನು ಏರಿಸುತ್ತಾ ಅರ್ಧ ಗಂಟೆ ಸತತ ಓಟಕ್ಕೆ ಬನ್ನಿ, ಆಮೇಲೆ ವಾರದ ದಿನಗಳನ್ನು ಹೆಚ್ಚಿಸಿ, ವೇಗ ಕೊನೆಗೆ. ವೇಗದಲ್ಲೂ ಮೊದಲು 80 ಮೀಟರ್‌ಗಳ ಸ್ಟ್ರೈಡ್ಸ್, ಆಮೇಲೆ 200ಗಳು. ಸ್ಪೈಕ್ಸ್ ಎಲ್ಲಕ್ಕಿಂತ ಕಡೆಗೆ, ಅದೂ ವರ್ಕೌಟಿನ ಕೊನೆಯ ಒಂದೆರಡು ರೆಪಿಟೇಶನ್‌ಗೆ. ತೆಳು ಅಡಿಯ ಸ್ಪೈಕ್ಸ್ ಹಿಮ್ಮಡಿಯನ್ನು ಕೆಳಗಿಳಿಸಿ ಅಕಿಲಿಸ್ ಮೇಲೆ ಒಮ್ಮೆಲೇ ಭಾರ ಹಾಕುತ್ತದೆ. ಯಾವ ಹಂತದಲ್ಲಾದರೂ ಬೆಳಗಿನ ಅಂಕ ಏರಿದರೆ ಒಂದು ಹಂತ ಹಿಂದಕ್ಕೆ ಬನ್ನಿ. ಅದಕ್ಕೆ ಸೋಲೆಂಬ ಹೆಸರು ಕೊಡಬೇಡಿ, ಎಲ್ಲರೂ ಒಂದೆರಡು ಸಲ ಹಿಂದಕ್ಕೆ ಬಂದೇ ಮುಂದೆ ಹೋಗುತ್ತಾರೆ.

ಈ ವಾರಗಳಲ್ಲಿ ಸ್ಟಾಪ್‌ವಾಚ್ ಮನೆಯಲ್ಲೇ ಇರಲಿ. 400 ಮೀಟರ್‌ಗೆ ಎಷ್ಟಾಯಿತು ಎಂದು ನೋಡಿದ ಕ್ಷಣ ಹಳೆಯ ಅಂಕಿ ಎದುರು ಬಂದು ನಿಲ್ಲುತ್ತದೆ. ಮಾತಾಡುತ್ತಾ ಓಡಬಹುದೇ, ನಾಲ್ಕು ಪದಕ್ಕೆ ಉಸಿರು ಕಟ್ಟುತ್ತದೆಯೇ ಎಂಬುದರಿಂದಲೇ ಶ್ರಮ ಅಳೆಯಿರಿ. ಹೋಲಿಸುವುದಾದರೆ ಹೋದ ವಾರದ ಪುಟದೊಂದಿಗೆ ಹೋಲಿಸಿ.

ಮೊದಲ ಸ್ಪರ್ಧೆಗೆ ನಿಮ್ಮ ಮುಖ್ಯ ದೂರವನ್ನು ಆರಿಸಬೇಡಿ ಎಂದು ನನ್ನ ಗಟ್ಟಿಯಾದ ಸಲಹೆ. 800 ಓಟಗಾರರು ಸಣ್ಣ ಮೀಟ್‌ನಲ್ಲಿ 1500 ಓಡಲಿ, 1500 ಓಟಗಾರರು 3000 ಓಡಲಿ. ಹಳೆಯ ದಾಖಲೆಯ ಹಂಗಿಲ್ಲದ ದೂರದಲ್ಲಿ ಮನಸ್ಸು ಹಗುರವಾಗಿರುತ್ತದೆ, ವೇಗವೂ ಕಡಿಮೆ ಇರುವುದರಿಂದ ಕಾಲಿಗೂ ಒಳ್ಳೆಯದು.

ಆಮೇಲೆ ನಿಮ್ಮ ದೂರಕ್ಕೆ ಬನ್ನಿ. 800ರಲ್ಲಿ 500 ಮೀಟರ್ ದಾಟಿದ ಮೇಲೆ, 1500ರಲ್ಲಿ ಮೂರನೇ ಸುತ್ತಿನಲ್ಲಿ ಎಲ್ಲರಿಗೂ ಬಿಟ್ಟುಬಿಡೋಣ ಅನ್ನಿಸುತ್ತದೆ. ಗಾಯದಿಂದ ಮರಳಿದವರಿಗೆ ಆ ಹೊತ್ತಿನಲ್ಲೇ ಗುಣವಾದ ಕಾಲು ಮತ್ತೆ ನೋಯುತ್ತಿದೆ ಎನ್ನಿಸತೊಡಗುತ್ತದೆ. ಅಲ್ಲಿ ಯೋಚಿಸಿ ತೀರ್ಮಾನಿಸಲು ಆಗುವುದಿಲ್ಲ, ಆದ್ದರಿಂದ ಹಿಂದಿನ ದಿನವೇ ಕೋಚ್ ಜೊತೆ ಕೂತು ನಿಯಮ ಮಾಡಿಕೊಳ್ಳಿ. ನೋವು ಚುಚ್ಚಿದರೆ ಅಥವಾ ಹೆಜ್ಜೆ ಕುಂಟಿದರೆ ಕೂಡಲೇ ಟ್ರ್ಯಾಕಿನಿಂದ ಹೊರಗೆ. ಅದಲ್ಲದ ಯಾವ ಅನಿಸಿಕೆ ಬಂದರೂ ಮುಂದಿನ ಓಟಗಾರನ ಬೆನ್ನು ನೋಡುತ್ತಾ ಇನ್ನೂರು ಮೀಟರ್ ತೋಳು ಬೀಸುವುದು, ಆಮೇಲೆ ಬೇಕಾದರೆ ಮತ್ತೆ ಯೋಚಿಸುವುದು. ತಾಲೀಮಿನ ಕೊನೆಯ ರೆಪಿಟೇಶನ್‌ಗಳಲ್ಲಿ ಇದನ್ನು ಅಭ್ಯಾಸ ಮಾಡಿದವರಿಗೆ ಸ್ಪರ್ಧೆಯಲ್ಲಿ ಅದು ತಾನಾಗಿ ಬರುತ್ತದೆ.

ಸ್ಪರ್ಧೆ ಮುಗಿದ ಮರುದಿನದ ಅಂಕವನ್ನೂ, ಅದರ ಮರುದಿನದ್ದನ್ನೂ ಬರೆಯಿರಿ. ಗಾಯಗೊಂಡಿದ್ದ ರಜ್ಜು ಎರಡನೇ ದಿನ ಹೆಚ್ಚು ಮಾತಾಡುವುದುಂಟು. ಟೈಮಿಂಗ್ ಚೆನ್ನಾಗಿ ಬಂತೆಂದು ಅದೇ ವಾರ ಇನ್ನೊಂದು ಮೀಟ್‌ಗೆ ಹೆಸರು ಕೊಡಬೇಡಿ. ಕನಿಷ್ಠ ಎರಡು ವಾರ ಬಿಡಿ, ಮತ್ತು ಆ ಎರಡು ವಾರವೂ ಮೆಟ್ಟಿಲಿನ ಅಂಚಿನ ವ್ಯಾಯಾಮ ತಪ್ಪಿಸಬೇಡಿ.